ಹಳೆ ಡೆಸ್ಕ್‌ಟಾಪ್ ಬದಲಿಗೆ ಅಗ್ಗದ ಲ್ಯಾಪ್‌ಟಾಪ್: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಉಳಿಸಬೇಕು

ಡೆಸ್ಕ್‌ಟಾಪ್ ಬಳಸಿ ರೂಢಿಯಾದವರು ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಬೇಕು. ಡೆಸ್ಕ್‌ಟಾಪ್‌ನಲ್ಲಿ ಏನು ಕೆಟ್ಟರೂ ಆ ಭಾಗವನ್ನಷ್ಟೇ ಬದಲಿಸಬಹುದಿತ್ತು. ರ‍್ಯಾಮ್ ಸಾಲದಿದ್ದರೆ ಇನ್ನೊಂದು ಹಾಕಿಸಿದಿರಿ, ಮಾನಿಟರ್ ಚಿಕ್ಕದೆನಿಸಿದರೆ ದೊಡ್ಡದು ತಂದಿರಿ, ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಹೊಸದು ಬಂತು. ಲ್ಯಾಪ್‌ಟಾಪ್ ಹಾಗಲ್ಲ. ಕೊಂಡ ದಿನ ಏನಿದೆಯೋ ಬಹುಪಾಲು ಅದೇ ಕೊನೆಯವರೆಗೂ ಇರುತ್ತದೆ. ಹಾಗಾಗಿ ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ನಾನು ಹೇಳುವುದು ಇಷ್ಟೇ: ಆಮೇಲೆ ಬದಲಿಸಲು ಆಗದ ಭಾಗಗಳಿಗೆ ದುಡ್ಡು ಹಾಕಿ, ಆಮೇಲೆ ಸೇರಿಸಿಕೊಳ್ಳಬಹುದಾದ ಭಾಗಗಳಲ್ಲಿ ಉಳಿಸಿ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ಹೇಳುವುದು ಐ3, ಐ5, ಒಂದು ಟಿಬಿ ಅಂತ. ಆ ಸಂಖ್ಯೆಗಳಿಂದ ಅರ್ಧ ವಿಷಯ ಕೂಡ ಗೊತ್ತಾಗುವುದಿಲ್ಲ.

ಬದಲಿಸಲೇಬೇಕಾ?

ಮೊದಲು ಈಗಿರುವ ಡೆಸ್ಕ್‌ಟಾಪನ್ನು ಒಮ್ಮೆ ಸರಿಯಾಗಿ ನೋಡಿ. ಆನ್ ಮಾಡಿ ಐದು ನಿಮಿಷ ಕಾದರೂ ಏನೂ ತೆರೆಯುವುದಿಲ್ಲ ಎನ್ನುವವರ ಕಂಪ್ಯೂಟರ್‌ಗಳಲ್ಲಿ ತುಂಬಾ ಸಲ ತಪ್ಪು ಪ್ರೊಸೆಸರ್‌ನದ್ದಲ್ಲ, ತಿರುಗುವ ಹಾರ್ಡ್ ಡಿಸ್ಕ್‌ನದ್ದು. ಅದನ್ನು ತೆಗೆದು, ಅದೇ ಜಾಗಕ್ಕೆ ತಿರುಗುವ ಭಾಗವಿಲ್ಲದ ಚಿಪ್‌ಗಳ ಡಿಸ್ಕ್ ಆದ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡಬಹುದು. ಖರ್ಚು ಲ್ಯಾಪ್‌ಟಾಪ್ ಬೆಲೆಯ ಸಣ್ಣ ಭಾಗ ಅಷ್ಟೇ.

ಆದರೆ ವಿಂಡೋಸ್ ವಿಚಾರ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆ ಒಂದಿದೆ, ಅದೂ 2026ರ ಅಕ್ಟೋಬರ್‌ವರೆಗೆ ಮಾತ್ರ. ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ಪೀಳಿಗೆಯಿಂದ ಮುಂದಿನದು, ಎಎಂಡಿ ಕಂಪನಿಯ ರೈಜನ್ ಆದರೆ 2000 ಸರಣಿಯಿಂದ ಮುಂದಿನದು ಬೇಕು. ಮೈಕ್ರೋಸಾಫ್ಟ್‌ನದ್ದೇ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ಆ್ಯಪ್ ಓಡಿಸಿದರೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. 'ಟಿಪಿಎಂ ಇಲ್ಲ' ಎಂದು ಬಂದ ತಕ್ಷಣ ಕೈ ಚೆಲ್ಲಬೇಡಿ. ಹಲವು ಬೋರ್ಡ್‌ಗಳಲ್ಲಿ ಅದು ಇದ್ದೂ, ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ.

ಯಂತ್ರ ಅದಕ್ಕಿಂತ ಹಳೆಯದಾ? ಆಗಲೂ ಬ್ರೌಸರ್, ಪತ್ರ ಬರೆಯುವುದು, ವಿಡಿಯೋ ನೋಡುವುದು ಇಷ್ಟೇ ಕೆಲಸವಾದರೆ ಎಸ್‌ಎಸ್‌ಡಿ ಜೊತೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಬಹುದು. ಪೆನ್‌ಡ್ರೈವ್‌ನಿಂದಲೇ ಓಡಿಸಿ, ಹಿಡಿಸಿದರೆ ಮಾತ್ರ ಇನ್‌ಸ್ಟಾಲ್ ಮಾಡಬಹುದು. ಇಷ್ಟೆಲ್ಲ ನೋಡಿದ ಮೇಲೂ ಎಲ್ಲಿಗಾದರೂ ಒಯ್ಯುವಂತಿರಬೇಕು, ಕರೆಂಟ್ ಹೋದರೂ ಕೆಲಸ ನಿಲ್ಲಬಾರದು, ಮೇಜಿನ ಮೇಲೆ ಜಾಗ ಬೇಕು ಎನ್ನುವುದಿದ್ದರೆ ಲ್ಯಾಪ್‌ಟಾಪ್ ಕೊಳ್ಳಲು ಅದು ಒಳ್ಳೆಯ ಕಾರಣವೇ.

ಮಾನಿಟರ್ ಎಸೆಯಬೇಡಿ

ಡೆಸ್ಕ್‌ಟಾಪ್ ಇದ್ದವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಮಾನಿಟರ್, ಕೀಬೋರ್ಡ್, ಮೌಸ್, ಸ್ಪೀಕರ್ ಎಲ್ಲ ಈಗಾಗಲೇ ಮನೆಯಲ್ಲಿದೆ. ಲ್ಯಾಪ್‌ಟಾಪನ್ನು ಅವಕ್ಕೆ ಜೋಡಿಸಿದರೆ ಮೇಜಿನ ಮೇಲೆ ಮೊದಲಿನ ಹಾಗೆಯೇ ಕೆಲಸ ಮಾಡಬಹುದು. ದಿನವಿಡೀ ಬಗ್ಗಿ ಚಿಕ್ಕ ಸ್ಕ್ರೀನ್ ನೋಡುತ್ತಾ ಕೂತರೆ ಕುತ್ತಿಗೆ ನೋವು ಬರುವುದು ಖಂಡಿತ. ಕಣ್ಣಿನ ಮಟ್ಟಕ್ಕೆ ಬರುವ ಮಾನಿಟರ್ ಇದ್ದರೆ ಆ ಸಮಸ್ಯೆ ಇಲ್ಲ. ಮನೆಯಲ್ಲಿ ದೊಡ್ಡ ಮಾನಿಟರ್ ಇದೆ ಅಂದಮೇಲೆ 15.6 ಇಂಚಿನ ಭಾರದ ಲ್ಯಾಪ್‌ಟಾಪ್ ಯಾಕೆ? 14 ಇಂಚಿನದು ಸಾಕು, ಒಯ್ಯಲೂ ಹಗುರ.

ಆದರೆ ಪೋರ್ಟ್ ಹೊಂದುತ್ತದಾ ಎಂದು ಕೊಳ್ಳುವ ಮೊದಲೇ ನೋಡಿ. ಮಾನಿಟರ್ ಹಿಂದೆ ತಿರುಗಿಸಿ. ಎಚ್‌ಡಿಎಂಐ ಇದ್ದರೆ ಚಿಂತೆಯಿಲ್ಲ. ಡಿವಿಐ ಇದ್ದರೆ ಎಚ್‌ಡಿಎಂಐನಿಂದ ಡಿವಿಐಗೆ ಹೋಗುವ ಸಾದಾ ಕೇಬಲ್ ಸಾಕು, ಎರಡೂ ಡಿಜಿಟಲ್. ನೀಲಿ ಬಣ್ಣದ ವಿಜಿಎ ಮಾತ್ರ ಇದ್ದರೆ ಸಿಗ್ನಲ್ ಬದಲಿಸುವ ಚಿಪ್ ಇರುವ ಅಡಾಪ್ಟರ್ ಬೇಕು. ಕೊಳ್ಳುವಾಗ 'ಎಚ್‌ಡಿಎಂಐನಿಂದ ವಿಜಿಎಗೆ' ಎಂದು ಬರೆದದ್ದನ್ನೇ ಕೇಳಿ, ಉಲ್ಟಾ ದಿಕ್ಕಿನದು ತಂದರೆ ಕೆಲಸ ಮಾಡುವುದಿಲ್ಲ. ಯುಎಸ್‌ಬಿ ಸಿ ಪೋರ್ಟ್ ಇದೆ, ಅದರಿಂದ ಮಾನಿಟರ್ ಓಡುತ್ತದೆ ಎಂದು ಸುಮ್ನೆ ನಂಬಬೇಡಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಎಷ್ಟೋ ಸಲ ಡೇಟಾಗೆ ಮಾತ್ರ. ಚಿತ್ರ ಬರುತ್ತದಾ, ಚಾರ್ಜ್ ಆಗುತ್ತದಾ ಎಂದು ಎರಡನ್ನೂ ಬೇರೆ ಬೇರೆಯಾಗಿ ವಿವರದಲ್ಲಿ ಓದಿಕೊಳ್ಳಬೇಕು.

ಉಳಿದ ಸಣ್ಣಪುಟ್ಟದ್ದು: ಹಳೆ ಕೀಬೋರ್ಡಿನ ಪಿನ್ ದುಂಡಗಿದ್ದರೆ ಅದು ಪಿಎಸ್/2, ಯುಎಸ್‌ಬಿ ಪರಿವರ್ತಕ ಬೇಕಾಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ, ಡಿವಿಡಿ ಡ್ರೈವ್ ಅಂತೂ ಹೋಗಿಯೇಬಿಟ್ಟಿದೆ. ಎರಡೂ ಯುಎಸ್‌ಬಿಯಲ್ಲಿ ಹೊರಗಿನಿಂದ ಸಿಗುತ್ತವೆ, ಅದಕ್ಕಾಗಿ ಲ್ಯಾಪ್‌ಟಾಪ್ ಆಯ್ಕೆ ಬದಲಿಸಬೇಕಿಲ್ಲ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ನನ್ನ ಪ್ರಕಾರ ಅಗ್ಗದ ಲ್ಯಾಪ್‌ಟಾಪ್ ಮೂರು ವರ್ಷ ಬಾಳುತ್ತದೋ ಏಳು ವರ್ಷ ಬಾಳುತ್ತದೋ ತೀರ್ಮಾನವಾಗುವುದು ಇಲ್ಲಿ.

ಮೊದಲು ಸ್ಟೋರೇಜ್. ಹೆಸರಲ್ಲಿ 'ಇಎಂಎಂಸಿ' ಎಂದಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಅದು ಫೋನ್, ಟ್ಯಾಬ್ಲೆಟ್‌ಗಳಿಗೆ ಹಾಕುತ್ತಿದ್ದ ಬಗೆಯ ಮೆಮೊರಿ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ನಿಧಾನ, ಬದಲಿಸಲು ಆಗುವುದಿಲ್ಲ. 64 ಜಿಬಿ ಇಎಂಎಂಸಿ ಇದ್ದರೆ ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳಿಗೇ ಜಾಗ ಸಾಲದೆ ಒದ್ದಾಡಬೇಕಾಗುತ್ತದೆ, ವಿಂಡೋಸ್ 11ಕ್ಕೆ ಕನಿಷ್ಠ ಬೇಕೆಂದು ಹೇಳಿರುವುದೇ 64 ಜಿಬಿ. ಇಂಥ ಯಂತ್ರಗಳ ಜಾಹೀರಾತಿನಲ್ಲಿ '1 ಟಿಬಿ' ಎಂದು ದೊಡ್ಡದಾಗಿ ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಒಂದು ವರ್ಷದ ಆನ್‌ಲೈನ್ ಕ್ಲೌಡ್ ಜಾಗವನ್ನೂ ಸೇರಿಸಿ ಲೆಕ್ಕ ಕೊಟ್ಟಿರುವುದುಂಟು.

ಎಸ್‌ಎಸ್‌ಡಿ ಆದರೆ 256 ಜಿಬಿ ಇದ್ದರೂ ಪರವಾಗಿಲ್ಲ, 512 ಇದ್ದರೆ ನೆಮ್ಮದಿ. (256 ಎಂದು ಕೊಂಡದ್ದು ವಿಂಡೋಸ್‌ನಲ್ಲಿ 238 ಎಂದು ಕಾಣುತ್ತದೆ, ಅದು ಮೋಸವಲ್ಲ, ಎಣಿಸುವ ರೀತಿ ಬೇರೆ ಅಷ್ಟೇ.) ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಎನ್‌ವಿಎಂಇ ಎಂಬ ಹೊಸ ಬಗೆಯದು ಅದರ ಹಲವು ಪಟ್ಟು. ಹಾರ್ಡ್ ಡಿಸ್ಕ್‌ನಿಂದ ಬಂದವರಿಗೆ ಎರಡೂ ಮಿಂಚಿನ ಹಾಗೆಯೇ ಕಾಣುತ್ತವೆ. ಮುಖ್ಯವಾದ ಪ್ರಶ್ನೆ ಬೇರೆ: ಎಸ್‌ಎಸ್‌ಡಿ ಬದಲಿಸಬಹುದಾ? ಪಟ್ಟಿಯಂಥ ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಸ್ಲಾಟ್ ಇದ್ದರೆ ಬದಲಿಸಬಹುದು, ಮುಂದೆ ದುಡ್ಡಾದಾಗ ದೊಡ್ಡದು ಹಾಕಿಕೊಳ್ಳಬಹುದು. ಆದರೆ ಎಲ್ಲ ಎಂ.2 ಒಂದೇ ಉದ್ದ ಇರುವುದಿಲ್ಲ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242, 2230 ಅಳತೆಯವೂ ಇವೆ. ನಿಮ್ಮ ಮಾದರಿಗೆ ಯಾವುದು ಕೂರುತ್ತದೆ ಎಂದು ನೋಡಿಕೊಂಡೇ ತರಿಸಿ.

ರ‍್ಯಾಮ್‌ನಲ್ಲಿ ಮಾತ್ರ ನಾನು ಹಟ ಹಿಡಿದು ಹೇಳುತ್ತೇನೆ. 4 ಜಿಬಿ ಬೇಡವೇ ಬೇಡ, ಎಷ್ಟೇ ಅಗ್ಗ ಇರಲಿ. 8 ಜಿಬಿ ಇವತ್ತಿನ ಮಟ್ಟಿಗೆ ನಡೆಯುತ್ತದೆ, ಅದರಲ್ಲೂ ಒಂದಿಷ್ಟು ಭಾಗ ಗ್ರಾಫಿಕ್ಸ್‌ಗೆ ಹೋಗುತ್ತದೆ, ಏಕೆಂದರೆ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಮೆಮೊರಿ ಇರುವುದಿಲ್ಲ. ಹತ್ತು ಟ್ಯಾಬ್, ಒಂದು ವಿಡಿಯೋ ಕಾಲ್, ಒಂದು ಸ್ಪ್ರೆಡ್‌ಶೀಟ್ ಒಟ್ಟಿಗೆ ತೆರೆದರೆ 8 ಜಿಬಿ ಏದುಸಿರು ಬಿಡಲು ಶುರು ಮಾಡುತ್ತದೆ. 16 ಇದ್ದರೆ ವರ್ಷಗಟ್ಟಲೆ ಆ ಕಡೆ ತಲೆ ಹಾಕಬೇಕಿಲ್ಲ.

ಈಗ ಮೊದಲು ಹೇಳಿದ ಲೆಕ್ಕ ತನ್ನಿ. 8 ಜಿಬಿ ಇದೆ, ಆದರೆ ಒಂದು ಸ್ಲಾಟ್ ಖಾಲಿ ಇದೆ: ಕೊಳ್ಳಿ, ಮುಂದೆ ಇನ್ನೊಂದು 8 ಸೇರಿಸಿ. ಹಾಗೆ ಎರಡು ಹಾಕಿದಾಗ ಡ್ಯುಯಲ್ ಚಾನೆಲ್ ಆಗಿ (ಎರಡೂ ಒಟ್ಟಿಗೆ ಕೆಲಸ ಮಾಡಿ) ಗ್ರಾಫಿಕ್ಸ್ ಕೂಡ ಸ್ವಲ್ಪ ಚುರುಕಾಗುತ್ತದೆ. 8 ಜಿಬಿ ಇದೆ, ಅಷ್ಟೂ ಬೋರ್ಡಿಗೆ ಬೆಸುಗೆ ಆಗಿದೆ, ಸ್ಲಾಟ್ ಇಲ್ಲ: ಬಿಟ್ಟುಬಿಡಿ, ಅಥವಾ ಅದೇ ಮಾದರಿಯ 16 ಜಿಬಿಯದ್ದು ಹುಡುಕಿ. ವಿವರದಲ್ಲಿ 'ಎಲ್‌ಪಿಡಿಡಿಆರ್' ಎಂದು ಇದ್ದರೆ ಅದು ಬಹುತೇಕ ಬೆಸುಗೆ ಹಾಕಿದ್ದೇ ಎಂದು ತಿಳಿಯಿರಿ. ಅಂಗಡಿಯಲ್ಲಿ ಯಂತ್ರ ಆನ್ ಇದ್ದರೆ ಇನ್ನೂ ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಎಷ್ಟು ಸ್ಲಾಟ್ ಇದೆ, ಎಷ್ಟು ಬಳಕೆಯಾಗಿದೆ ಎಂದು ಅಲ್ಲೇ ಬರೆದಿರುತ್ತದೆ. 'ಸೋಡಿಮ್' ಎಂದಿದ್ದರೆ ತೆಗೆದು ಹಾಕುವಂಥದ್ದು, 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆ ಹಾಕಿದ್ದು.

ಪ್ರೊಸೆಸರ್ ಹೆಸರು ಓದುವುದು ಹೇಗೆ

ಇಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ. 'ಐ7 ಲ್ಯಾಪ್‌ಟಾಪ್, ತುಂಬಾ ಕಡಿಮೆ ಬೆಲೆ' ಎಂದು ಕಂಡರೆ ಐ7 ಎನ್ನುವುದನ್ನು ಬಿಟ್ಟು ಅದರ ಮುಂದಿನ ಸಂಖ್ಯೆ ನೋಡಿ. ಐ7-4600ಯು ಎಂದಿದ್ದರೆ ಅದು 4ನೇ ಪೀಳಿಗೆ, 2013ರದ್ದು, ಒಳಗೆ ಇರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ತೆಳು ಲ್ಯಾಪ್‌ಟಾಪ್‌ಗಳಿಗೆ ಇಂಟೆಲ್ ನಾಲ್ಕು ಕೋರ್ ಕೊಡಲು ಶುರು ಮಾಡಿದ್ದೇ 2017ರಲ್ಲಿ, 8ನೇ ಪೀಳಿಗೆಯಿಂದ. ಹಾಗಾಗಿ 12ನೇ ಪೀಳಿಗೆಯ ಐ3-1215ಯು ಆ ಹಳೆ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಅದರಲ್ಲಿ ಎರಡು ದೊಡ್ಡ (ವೇಗದ), ನಾಲ್ಕು ಚಿಕ್ಕ (ಕರೆಂಟ್ ಉಳಿಸುವ), ಒಟ್ಟು ಆರು ಕೋರ್ ಇವೆ. ಅದರ ಹಿಂದಿನ ಪೀಳಿಗೆಯ ಐ3-1115ಜಿ4ರಲ್ಲಿ ಎರಡೇ ಕೋರ್. ಎರಡರ ಹೆಸರೂ ಐ3. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ 1215ಯು ತೆಗೆದುಕೊಳ್ಳಿ, ಯೋಚಿಸುವಂಥದ್ದೇನೂ ಇಲ್ಲ.

ಹಳೆಯ ಸೆಲೆರಾನ್, ಪೆಂಟಿಯಂ ಹೆಸರುಗಳನ್ನು ಇಂಟೆಲ್ 2023ರ ಲ್ಯಾಪ್‌ಟಾಪ್‌ಗಳಿಂದ ಕೈಬಿಟ್ಟಿತು. ಈಗ ಬರೀ 'ಇಂಟೆಲ್ ಪ್ರೊಸೆಸರ್' ಎಂದು ಬರೆದು ಮುಂದೆ ಎನ್100, ಎನ್200 ಎಂದು ಹಾಕುತ್ತಾರೆ. ಎನ್ ಅಕ್ಷರ ಕಂಡರೆ ಒಳಗೆ ಚಿಕ್ಕ ಕೋರ್‌ಗಳು ಮಾತ್ರ ಎಂದರ್ಥ. ಇದನ್ನು ಕೆಟ್ಟದ್ದು ಎಂದು ಒಂದೇ ಏಟಿಗೆ ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. 6 ವಾಟ್‌ಗೆ ಮಾಡಿದ ಎನ್100ಗೆ ನಾಲ್ಕು ಕೋರ್ ಇವೆ. ಸಾಧಾರಣ ಕೆಲಸಗಳಲ್ಲಿ ಅದು 2015ರ ಡೆಸ್ಕ್‌ಟಾಪ್ ಐ5-6500ರ ಹತ್ತಿರ ಹತ್ತಿರ ಬರುತ್ತದೆ, ಆ ಐ5 ಆದರೋ 65 ವಾಟ್‌ನದ್ದು. ನಿಮ್ಮ ಹಳೆ ಡೆಸ್ಕ್‌ಟಾಪ್ ಅದಕ್ಕಿಂತ ಹಿಂದಿನದಾಗಿದ್ದು, ಕೆಲಸ ಬ್ರೌಸರ್ ಮತ್ತು ಪತ್ರ ಬರೆಯುವುದಷ್ಟೇ ಆಗಿದ್ದರೆ, 8 ಜಿಬಿ ರ‍್ಯಾಮ್ ಮತ್ತು ನಿಜವಾದ ಎಸ್‌ಎಸ್‌ಡಿ ಇರುವ ಎನ್100 ನಿಮಗೆ ಸಾಕು. ಆದರೆ ಎನ್100 ಜೊತೆಗೆ ಇಎಂಎಂಸಿ ಬಂದರೆ ಬೇಡ. ಹಾಗೆಯೇ ಹೆಸರೇ ಕೇಳದ ಕಂಪನಿಯೊಂದು ಎನ್ ಸರಣಿಯ ಚಿಪ್ ಹಾಕಿ 32 ಜಿಬಿ, 2 ಟಿಬಿ ಎಂದೆಲ್ಲ ಸಂಖ್ಯೆ ಉಬ್ಬಿಸಿದ್ದರೂ ಬೇಡ. ಅಂಥದ್ದು ಕೆಟ್ಟಾಗ ಚಾರ್ಜರ್ ಕೂಡ ಸಿಗುವುದು ಕಷ್ಟ.

ಎಎಂಡಿಯಲ್ಲಿ ಇನ್ನೊಂದು ಬಲೆ. ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೊದಲ ಅಂಕಿ ಹೇಳುವುದು ಯಾವ ವರ್ಷದ ಮಾದರಿ ಎಂದು. ಒಳಗಿನ ವಿನ್ಯಾಸ ಎಷ್ಟು ಹೊಸದು ಎನ್ನುವುದು ಮೂರನೇ ಅಂಕಿಯಲ್ಲಿದೆ. ರೈಜನ್ 5 7520ಯು ತೆಗೆದುಕೊಳ್ಳಿ: ಮೂರನೇ ಅಂಕಿ 2, ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. ರೈಜನ್ 5 7530ಯು: ಮೂರನೇ ಅಂಕಿ 3, ಅಂದರೆ ಝೆನ್ 3, ಆರು ಕೋರ್. ಹೆಸರಲ್ಲಿ ಒಂದೇ ಅಂಕಿ ಬೇರೆ, ಒಳಗೆ ಎರಡು ಬೇರೆ ಯಂತ್ರಗಳೇ. ಅದೂ ಅಲ್ಲದೆ 7320ಯು, 7520ಯು ಚಿಪ್‌ಗಳು ಬೆಸುಗೆ ಹಾಕಿದ ರ‍್ಯಾಮ್ ಜೊತೆಗೇ ಬರುತ್ತವೆ. ಹಾಗಾಗಿ ಅವನ್ನು 8 ಜಿಬಿಯಲ್ಲಿ ಕೊಂಡರೆ ಯಾವತ್ತಿಗೂ 8 ಜಿಬಿಯೇ.

ಕೊನೆಗೆ ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಬೆಲೆಯೂ ಇಳಿಯುತ್ತಿದೆ. ಆದರೆ ಹಳೆ ಡೆಸ್ಕ್‌ಟಾಪಿಗೆ ಜೋಡಿಸಿದ್ದ ಪ್ರಿಂಟರ್, ಸ್ಕ್ಯಾನರ್ ಇದ್ದರೆ ಎಚ್ಚರ. ಇವು ಆರ್ಮ್ ಬಗೆಯ ಚಿಪ್‌ಗಳು, ಆರ್ಮ್ ಚಿಪ್‌ಗೆ ಬೇರೆ ಡ್ರೈವರ್ ಬೇಕು, ಹಳೆ ಸಾಧನಗಳಿಗೆ ಅದು ಸಿಗದೇ ಹೋಗಬಹುದು. ಸಾಫ್ಟ್‌ವೇರ್ ವಿಚಾರವೂ ಅಷ್ಟೇ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು ಅದರ ಮೇಲೆ ನೇರವಾಗಿ ಓಡುವುದಿಲ್ಲ. ಹಳೆಯ ಲೆಕ್ಕಪತ್ರದ ಪ್ರೋಗ್ರಾಂ ಒಂದಕ್ಕಾಗಿಯೇ ಡೆಸ್ಕ್‌ಟಾಪ್ ಉಳಿಸಿಕೊಂಡವರು ಇದನ್ನು ಮೊದಲೇ ವಿಚಾರಿಸಬೇಕು.

ಕಣ್ಣಿಗೆ, ಕೈಗೆ ಸಿಗುವುದು

ಸ್ಕ್ರೀನ್ ಬದಲಿಸಲು ಆಗದ ಭಾಗಗಳ ಪೈಕಿ ಒಂದು, ಬದಲಿಸಿದರೂ ಖರ್ಚು ಜಾಸ್ತಿ. 1366x768 ಬೇಡ. 1920x1080ರಲ್ಲಿ ಅದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಚುಕ್ಕೆಗಳಿರುತ್ತವೆ, ಅಕ್ಷರ ನುಣುಪಾಗಿ ಕಾಣುತ್ತದೆ. 1920x1200 ಸಿಕ್ಕರೆ ಇನ್ನೂ ಒಳ್ಳೆಯದು, ಓದುವಾಗ ಬರೆಯುವಾಗ ಮೇಲೆ ಕೆಳಗೆ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ. ಟಿಎನ್ ಪ್ಯಾನೆಲ್ ಅಲ್ಲ, ಯಾವ ಕೋನದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಇರಲಿ. ವಿವರದಲ್ಲಿ ಬರೆದಿಲ್ಲವೇ? ಸ್ಕ್ರೀನನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸಿ, ಯಾವುದಾದರೂ ಮುಖದ ಫೋಟೋ ನೋಡಿ. ಬಣ್ಣ ಕಪ್ಪಾಗುವುದು, ಬೆಳ್ಳಗಾಗುವುದು ಕಂಡರೆ ಅದು ಟಿಎನ್. ಬೆಳಕು 250 ನಿಟ್ಸ್ ಇದ್ದರೆ ಮನೆಯೊಳಗೆ ಸಾಕು, ಕಿಟಕಿ ಪಕ್ಕ ಕೂರುವವರು 300ರಿಂದ ಮೇಲಿನದು ನೋಡಿ. ಫೋಟೋ ತಿದ್ದುವ ಕೆಲಸ ಇದ್ದು ವಿವರದಲ್ಲಿ '45% ಎನ್‌ಟಿಎಸ್‌ಸಿ' (ಎಷ್ಟು ಬಣ್ಣ ತೋರಬಲ್ಲದು ಎನ್ನುವ ಅಳತೆ) ಎಂದಿದ್ದರೆ ಬಣ್ಣ ಪೇಲವ ಕಾಣುತ್ತದೆ. ಅಂಥ ಕೆಲಸಕ್ಕೆ ಒಳ್ಳೆಯ ಬಣ್ಣ ತೋರುವ ಮಾನಿಟರ್ ಬೇಕಾಗುತ್ತದೆ.

ಕೀಬೋರ್ಡ್ ಮೇಲೆ ನಾಲ್ಕು ಸಾಲು ಟೈಪ್ ಮಾಡದೆ ಕೊಳ್ಳಬೇಡಿ. ಮಧ್ಯದಲ್ಲಿ ಒತ್ತಿದಾಗ ಇಡೀ ಕೀಬೋರ್ಡ್ ಕೆಳಕ್ಕೆ ಬಾಗುತ್ತದಾ ನೋಡಿ. ದಿನವಿಡೀ ಅಂಕಿ ಹಾಕುವವರಿಗೆ ನಂಬರ್ ಪ್ಯಾಡ್ ಬೇಕೆನಿಸುತ್ತದೆ, ಆದರೆ ಮನೆಯಲ್ಲಿ ಹೇಗೂ ದೊಡ್ಡ ಕೀಬೋರ್ಡ್ ಇದೆ ಅಲ್ವಾ. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ತೆರೆಯಿರಿ. ತಿರುಚಿಕೊಂಡು ಕಿರುಗುಟ್ಟಿದರೆ ಹಿಂಜ್ (ಮುಚ್ಚಳ ತಿರುಗುವ ಕೀಲು) ಬಳಿ ಬೇಗ ಬಿರುಕು ಬಿಡುವ ಯಂತ್ರ ಅದು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್ ಮುರಿಯುವುದು ತುಂಬಾ ಸಾಮಾನ್ಯ, ಬೆಲೆ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಬ್ಯಾಟರಿ ಬಗ್ಗೆ '10 ಗಂಟೆ' ಎಂಬ ಮಾತು ನಂಬಬೇಡಿ, ವಾಟ್ ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ) ಎಷ್ಟು ಎಂದು ಕೇಳಿ. 42 ವಾಟ್ ಅವರ್ ಬ್ಯಾಟರಿ, ಸಾಧಾರಣ ಕೆಲಸಕ್ಕೆ 8 ವಾಟ್ ಎಳೆದರೆ, ಸುಮಾರು ಐದು ಗಂಟೆ. ಮೇಜಿನ ಮೇಲೆ ಸದಾ ಚಾರ್ಜಿಗೆ ಹಾಕಿಯೇ ಬಳಸುವುದಾದರೆ 80 ಪರ್ಸೆಂಟ್‌ಗೆ ನಿಲ್ಲಿಸುವ ಸೌಲಭ್ಯ ಇದೆಯಾ ನೋಡಿ. ಲೆನೊವೊ ವ್ಯಾಂಟೇಜ್, ಮೈ ಏಸಸ್ ಆ್ಯಪ್‌ಗಳಲ್ಲಿ ಹಲವು ಮಾದರಿಗಳಿಗೆ ಆ ಆಯ್ಕೆ ಇದೆ. ಸದಾ ನೂರಕ್ಕೆ ತುಂಬಿ ಬಿಸಿಯಲ್ಲೇ ಇರುವ ಬ್ಯಾಟರಿ ಬೇಗ ಸವೆಯುತ್ತದೆ. ಯುಎಸ್‌ಬಿ ಸಿ ಇಂದ ಚಾರ್ಜ್ ಆಗುವಂಥದ್ದಾದರೆ ಚಾರ್ಜರ್ ಕೆಟ್ಟ ದಿನ ಅದರ ಬೆಲೆ ಗೊತ್ತಾಗುತ್ತದೆ, ಬೇರೆ ಕಂಪನಿಯ 65 ವಾಟ್ ಚಾರ್ಜರ್ ಕೂಡ ಕೆಲಸಕ್ಕೆ ಬರುತ್ತದೆ.

ಹೊಸದಾ, ಆಫೀಸಿನಿಂದ ಬಂದ ಹಳೆಯದಾ?

ಕಡಿಮೆ ದುಡ್ಡಿಗೆ ಗಟ್ಟಿ ಯಂತ್ರ ಬೇಕೆಂದರೆ ನನ್ನ ಮೊದಲ ಆಯ್ಕೆ ಆಫೀಸುಗಳು ಕೆಲವು ವರ್ಷ ಬಳಸಿ ಹಿಂದಿರುಗಿಸಿದ, ಸರಿಮಾಡಿ ಮಾರುವ ಬಿಸಿನೆಸ್ ಲ್ಯಾಪ್‌ಟಾಪ್‌ಗಳು. ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್. ಹೊಸದಾಗಿದ್ದಾಗ ಇವು ದುಬಾರಿ ಯಂತ್ರಗಳು. ಗಟ್ಟಿ ಹಿಂಜ್, ಒಳ್ಳೆ ಕೀಬೋರ್ಡ್, ಬಿಡಿಭಾಗ ಸುಲಭವಾಗಿ ಸಿಗುವುದು, ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಯೇ ಕೊಟ್ಟಿರುವುದು, ಇವೆಲ್ಲ ಅದೇ ಬೆಲೆಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಸಿಗುವುದಿಲ್ಲ. ಉದಾಹರಣೆಗೆ 2018ರ ಥಿಂಕ್‌ಪ್ಯಾಡ್ ಟಿ480: ಎರಡು ರ‍್ಯಾಮ್ ಸ್ಲಾಟ್, ಒಳಗೊಂದು ಹೊರಗೊಂದು ಬ್ಯಾಟರಿ, ಲ್ಯಾನ್ ಪೋರ್ಟ್, ಯುಎಸ್‌ಬಿ ಸಿ ಚಾರ್ಜಿಂಗ್. ಡೆಸ್ಕ್‌ಟಾಪ್‌ನಲ್ಲಿ ಎಲ್ಲ ಬದಲಿಸಿ ರೂಢಿಯಾದವರಿಗೆ ಇಂಥದ್ದು ತುಂಬಾ ಹಿಡಿಸುತ್ತದೆ. ಹೆಸರಿನ ಕೊನೆಯ ಅಕ್ಷರ ಮಾತ್ರ ಗಮನಿಸಿ, ಟಿ480ಎಸ್ ಎನ್ನುವುದು ತೆಳು ಮಾದರಿ, ಅದರಲ್ಲಿ ರ‍್ಯಾಮ್‌ನ ಒಂದು ಭಾಗ ಬೆಸುಗೆ ಆಗಿರುತ್ತದೆ, ಒಂದೇ ಸ್ಲಾಟ್.

ಗೆರೆ ಎಲ್ಲಿ ಎಳೆಯಬೇಕು? 8ನೇ ಪೀಳಿಗೆಗಿಂತ ಹಳೆಯದು ಬೇಡ, ಕಾರಣ ಮೇಲೆ ಹೇಳಿದ ವಿಂಡೋಸ್ 11. ಒಂದೇ ಹೆಸರಿನ ಮಾದರಿಯಲ್ಲೇ 7 ಮತ್ತು 8ನೇ ಪೀಳಿಗೆಯ ಚಿಪ್‌ಗಳು ಎರಡೂ ಬಂದಿರುವುದುಂಟು, ಹಾಗಾಗಿ ಮಾದರಿ ಹೆಸರು ನೋಡಿ ಸುಮ್ಮನಾಗದೆ ಪ್ರೊಸೆಸರ್ ಸಂಖ್ಯೆಯನ್ನೇ ನೋಡಿ. ಸ್ವಲ್ಪ ಜಾಸ್ತಿ ಕೊಡಲು ಆಗುವುದಾದರೆ 10 ಅಥವಾ 11ನೇ ಪೀಳಿಗೆಯದಕ್ಕೆ ಹೋಗಿ, ಮುಂದೆ ಇನ್ನಷ್ಟು ವರ್ಷ ಸಿಗುತ್ತದೆ.

ತೆಗೆದುಕೊಳ್ಳುವಾಗ ಅವಸರ ಬೇಡ. ಆನ್ ಆಗುವಾಗಲೇ ಬಯೋಸ್ ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ವಾಪಸ್ ಕೊಡಿ. ಬಯೋಸ್ ಪಾಸ್‌ವರ್ಡ್ ತೆಗೆಸುವುದು ಎಷ್ಟೋ ಮಾದರಿಗಳಲ್ಲಿ ಬೋರ್ಡ್ ಬದಲಿಸಿದಷ್ಟು ತಲೆನೋವು. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದಾಗ ಯಾವುದೋ ಕಂಪನಿಯ ಹೆಸರು ಬಂದು ಆ ಕಂಪನಿಯ ಖಾತೆಯಿಂದ ಲಾಗಿನ್ ಆಗಿ ಎಂದರೆ, ಆ ಯಂತ್ರ ಇನ್ನೂ ಹಳೆ ಮಾಲೀಕರ ದಾಖಲೆಯಿಂದ ಬಿಡುಗಡೆಯಾಗಿಲ್ಲ. ಅದೂ ಬೇಡ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ 'ಡಿಸೈನ್ ಕೆಪ್ಯಾಸಿಟಿ' ಎಷ್ಟು, 'ಫುಲ್ ಚಾರ್ಜ್ ಕೆಪ್ಯಾಸಿಟಿ' ಎಷ್ಟು ಎಂದು ಹೋಲಿಸಿ. ಎರಡನೆಯದು ಮೊದಲನೆಯದರ 70 ಪರ್ಸೆಂಟ್‌ಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಿಂದ ಕಳೆಯಲು ಕೇಳಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂ ಎಸ್‌ಎಸ್‌ಡಿ ಆರೋಗ್ಯ ಮತ್ತು ಎಷ್ಟು ಗಂಟೆ ಓಡಿದೆ ಎಂದು ತೋರಿಸುತ್ತದೆ. ಪೂರ್ತಿ ಬಿಳಿ ಚಿತ್ರ ತೆರೆದು ಸ್ಕ್ರೀನ್‌ನಲ್ಲಿ ಕಲೆ ಹುಡುಕಿ. ಪ್ರತಿಯೊಂದು ಕೀ ಒತ್ತಿ, ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ, ಕ್ಯಾಮೆರಾ, ಮೈಕ್, ವೈಫೈ ನೋಡಿ, ಹತ್ತು ನಿಮಿಷ ವಿಡಿಯೋ ಓಡಿಸಿ ಫ್ಯಾನ್ ಸದ್ದು ಕೇಳಿ. ಮರಳಿಸುವ ಅವಕಾಶ ಮತ್ತು ವಾರಂಟಿ ಎಷ್ಟು ದಿನ ಎಂದು ಬಿಲ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಇಷ್ಟೆಲ್ಲ ಪರೀಕ್ಷೆ ಮಾಡುವ ತಾಳ್ಮೆ ಇಲ್ಲ, ಏನಾದರೂ ಆದರೆ ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಮಾಡುವಂತಿರಬೇಕು ಎನ್ನುವವರು ಹೊಸದನ್ನೇ ಕೊಳ್ಳಿ. ವಯಸ್ಸಾದ ಅಪ್ಪ ಅಮ್ಮನಿಗೆ ಕೊಡಿಸುವುದಾದರೆ ನಾನೂ ಹೊಸದನ್ನೇ ಹೇಳುತ್ತೇನೆ.

ವಿಂಡೋಸ್ ಬಗ್ಗೆ ಎರಡು ಮಾತು

'ಡಾಸ್' ಅಥವಾ 'ಫ್ರೀಡಾಸ್' ಎಂದು ಬರೆದ ಲ್ಯಾಪ್‌ಟಾಪ್ ಅಗ್ಗ ಇರುವುದು ಅದರಲ್ಲಿ ವಿಂಡೋಸ್ ಇಲ್ಲದ ಕಾರಣಕ್ಕೆ. ಲಿನಕ್ಸ್ ಹಾಕುವವರಿಗೆ ಒಳ್ಳೆಯ ಉಳಿತಾಯ. ಹಳೆ ಡೆಸ್ಕ್‌ಟಾಪಿನ ವಿಂಡೋಸ್ ಲೈಸೆನ್ಸ್ ಇದಕ್ಕೆ ತರಬಹುದಾ? ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಆದರೆ ತರಬಹುದು, ಕಂಪ್ಯೂಟರ್ ಜೊತೆಗೇ ಬಂದ ಓಇಎಂ ಆದರೆ ಅದು ಆ ಮದರ್‌ಬೋರ್ಡಿನ ಜೊತೆಗೇ ಮುಗಿಯುತ್ತದೆ. 'ಎಸ್ ಮೋಡ್' ಎಂದಿದ್ದರೆ ಗಾಬರಿ ಬೇಡ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳಷ್ಟೇ ಓಡುತ್ತವೆ, ಆದರೆ ದುಡ್ಡು ಕೊಡದೆ ಹೊರಬರಬಹುದು. ಒಮ್ಮೆ ಬಂದರೆ ವಾಪಸ್ ಹೋಗಲು ಆಗುವುದಿಲ್ಲ, ಹೋಗಬೇಕಾದ ಅಗತ್ಯವೂ ಬರುವುದಿಲ್ಲ.

ಕ್ರೋಮ್‌ಬುಕ್ ಕೂಡ ಅಗ್ಗ. ಎಲ್ಲ ಕೆಲಸ ಬ್ರೌಸರ್‌ನಲ್ಲೇ ಮುಗಿಯುವವರಿಗೆ ಚೆನ್ನಾಗಿದೆ. ಅದರ ಅಪ್‌ಡೇಟ್ ಕೊನೆಯಾಗುವ ದಿನಾಂಕ ಮಾತ್ರ ನೋಡಿಕೊಳ್ಳಿ. 2021ರಿಂದ ಈಚೆಗಿನವಕ್ಕೆ 10 ವರ್ಷ ಎಂದು ಗೂಗಲ್ ಹೇಳಿದೆ. ಆದರೆ ಲೆಕ್ಕ ಶುರುವಾಗುವುದು ಆ ಯಂತ್ರದ ಮೂಲ ವಿನ್ಯಾಸ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ.

ಹಳೆಯದರಿಂದ ಹೊಸದಕ್ಕೆ

ಲ್ಯಾಪ್‌ಟಾಪ್ ಬಂದ ದಿನವೇ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬೇಡಿ. ಒಂದು ತಿಂಗಳು ಹಾಗೇ ಇಡಿ. ಬ್ರೌಸರ್‌ನ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್, ಯಾವುದೋ ಮೂಲೆಯ ಫೋಲ್ಡರ್‌ನಲ್ಲಿರುವ ಸ್ಕ್ಯಾನ್ ಮಾಡಿದ ದಾಖಲೆ, ಇವೆಲ್ಲ ನೆನಪಾಗುವುದು ಬೇಕಾದಾಗಲೇ.

ಫೈಲ್ ಸಾಗಿಸಲು ಸುಲಭದ ದಾರಿ ಎಕ್ಸ್‌ಟರ್ನಲ್ ಡಿಸ್ಕ್. ಡೆಸ್ಕ್‌ಟಾಪ್ ಆನ್ ಆಗುತ್ತಲೇ ಇಲ್ಲ ಎಂದರೆ ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಸ್‌ನಲ್ಲಿ ಹಾಕಿ. ಡೆಸ್ಕ್‌ಟಾಪ್ ಡಿಸ್ಕ್ 3.5 ಇಂಚಿನದು, ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿಯ ಕರೆಂಟ್ ಸಾಲುವುದಿಲ್ಲ. ಹಾಗಾಗಿ ಬೇರೆ ಪವರ್ ಅಡಾಪ್ಟರ್ ಇರುವ ಕೇಸ್ ಅನ್ನೇ ಕೊಳ್ಳಿ. ತೀರಾ ಹಳೆ ಯಂತ್ರವಾಗಿದ್ದು ಡಿಸ್ಕ್ ಹಿಂದೆ ಅಗಲದ ಪಟ್ಟಿ ಕೇಬಲ್ ಇದ್ದರೆ ಅದು ಐಡಿಇ, ಅದಕ್ಕೆ ಬೇರೆ ಕನ್ವರ್ಟರ್ ಬೇಕು.

ಎಲ್ಲ ಬಂದಿದೆ ಎಂದು ಖಾತ್ರಿಯಾದ ಮೇಲೂ ಆ ಡಿಸ್ಕ್ ಚೆನ್ನಾಗಿದ್ದರೆ ಅದೇ ಕೇಸ್‌ನಲ್ಲಿಟ್ಟು ಬ್ಯಾಕಪ್‌ಗೆ ಬಳಸಿ. ಲ್ಯಾಪ್‌ಟಾಪ್ ಕೈಜಾರಿ ಬೀಳಬಹುದು, ಕಳೆದುಹೋಗಬಹುದು, ಡೆಸ್ಕ್‌ಟಾಪಿಗೆ ಆ ಭಯ ಇರಲಿಲ್ಲ. ಡೆಸ್ಕ್‌ಟಾಪನ್ನು ಬೇರೆಯವರಿಗೆ ಕೊಡುವುದಾದರೆ ಡಿಸ್ಕ್ ತೆಗೆದಿಟ್ಟುಕೊಂಡು ಕೊಡಿ. ಡಿಸ್ಕ್ ಸಮೇತ ಕೊಡಲೇಬೇಕೆಂದರೆ ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ, ಜೊತೆಗೆ ಡ್ರೈವ್ ಕ್ಲೀನ್ ಮಾಡುವ ಆಯ್ಕೆ ಎರಡನ್ನೂ ಹಾಕಿ. ಬರೀ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿದರೆ ಆ ಫೈಲ್‌ಗಳನ್ನು ಮತ್ತೆ ಹೊರತೆಗೆಯುವುದು ಕಷ್ಟವೇನಲ್ಲ.